ನಡುದಿಣ್ಣೆ

ಕಾರಿನ ಹೊಟ್ಟೆ ರಸ್ತೆಯ ನಡುದಿಣ್ಣೆಯ ಮೇಲೆ ಕೂತಿತ್ತು. ಚಕ್ರಗಳು ಲಾರಿ ಕೊರೆದ ಹಳ್ಳಗಳಲ್ಲಿ ಸುಮ್ಮನೆ ತಿರುಗುತ್ತಿದ್ದವು. ಒಳಗೆ ನಿರ್ಮಲಮ್ಮ ಹೆರಿಗೆ ನೋವಿಗೆ ಚೀರುತ್ತಿದ್ದಳು. ಶಿಕಾರಿಪುರದ ಆಸ್ಪತ್ರೆ ಇನ್ನೂ ಆರು ಮೈಲಿ. “ಬೆನಕಪ್ಪಾ, ದಿಣ್ಣೆ ಕಡಿಯೋ ಮಾರಾಯಾ!” ಎಂದು ಅವಳ ಗಂಡ, ಲಾರಿ ಸಾಹುಕಾರ ಮಹೇಶ್ವರಪ್ಪ ಅಂಗಲಾಚಿದ. ರಸ್ತೆ ದುರಸ್ತಿಯ ಕೂಲಿಯವರು ಅಪ್ಪಣೆಗಾಗಿ ಮೇಸ್ತ್ರಿಯ ಮುಖ ನೋಡಿದರು.

ಮೇಸ್ತ್ರಿ ಬೆನಕಪ್ಪ ಗುದ್ದಲಿಯ ಕಾವಿಗೆ ಗಲ್ಲವೂರಿ ನಿಂತ. ಹೋದ ತಿಂಗಳು ಇಲ್ಲೇ ಅವನು ಸಾಹುಕಾರನಿಗೆ ಕೈಮುಗಿದಿದ್ದ: “ನಿಮ್ಮ ಲಾರಿಗೆ ದಿ... ದಿಮ್ಮಿ ಭಾರ ಜಾಸ್ತಿ ಆತ್ರೀ. ಟೈರೂ ಕಲ್ಲಾಗ್ಯಾವೆ, ರಸ್ತೆ ಗರಸು ಸೀಳ್ತಾವೆ. ಒಂಚೂರು ಗಾ... ಗಾಳಿ ಇಳಿಸ್ರೀ.” ಮಹೇಶ್ವರಪ್ಪ ಆ ತೊದಲನ್ನೇ ಅಣಕಿಸಿ, ಎಲ್ಲರನ್ನೂ ನಗಿಸಿದ್ದ.

ಈಗ ಬೆನಕಪ್ಪ ಸೊಂಟಕ್ಕೆ ಕೈಯಿಟ್ಟ, ಇಲ್ಲದ ಮೀಸೆ ತಿರುವಿದ. ಸಾಹುಕಾರ ಅಂದು ಆಡಿದ್ದನ್ನೇ ಸಾಹುಕಾರನ ದನಿಯಲ್ಲೇ ಆಡಿದ: “ಹಳ್ಳ ಬಿದ್ರೆ ಮುಚ್ಚೋಕೆ ನೀನಿದೀಯಲ್ಲೋ! ರಸ್ತೆ ಎಲ್ಲಿಗೂ ಓಡಿ ಹೋಗಲ್ಲ, ನಿಧಾನಕ್ಕೆ ಮಾಡು!” ಬೇರೆಯವರ ದನಿಯಲ್ಲಿ ಅವನ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. ಕೂಲಿಯವರು ಬಿದ್ದು ಬಿದ್ದು ನಕ್ಕರು. ಅವನು ಮತ್ತೊಮ್ಮೆ ಆಡಿದ, ಇನ್ನೂ ರಾಗವೆಳೆದು.

ನಗು ನಿಂತಾಗ ಕಾರಿನೊಳಗೆ ಚೀರಾಟವೂ ನಿಂತಿತ್ತು. ಮಹೇಶ್ವರಪ್ಪ ಬಾಗಿಲು ತೆರೆದ; ನಿರ್ಮಲಮ್ಮನ ಕೈ ನಿರ್ಜೀವವಾಗಿ ಹೊರಗೆ ಜೋತುಬಿತ್ತು.

“ಸಾ... ಸಾ... ಸಾವ್ಕಾರ್ರೇ,” ಎನ್ನುತ್ತಾ ಬೆನಕಪ್ಪ ದಿಣ್ಣೆ ಕಡಿಯತೊಡಗಿದ.