ಬುಧವಾರದ ಹಾಡು

ಪ್ರತಿ ಬುಧವಾರ ವೃದ್ಧಾಶ್ರಮದಲ್ಲಿ ನಾನು ಪಿಯಾನೊ ನುಡಿಸುತ್ತೇನೆ, ಹಿರಿಯರು ಜೊತೆಗೆ ಹಾಡುತ್ತಾರೆ. ಹಾಡು ಮುಗಿಯುವವರೆಗೂ ಬಾಯಿ ತೆರೆಯದವರ ಕುರ್ಚಿ ಕೆಂಪಾಗುತ್ತದೆ. ಅಂಥವರಿಗೆ ಅಂದೇ ಕೊನೆಯ ಇಂಜೆಕ್ಷನ್.

ಶಾಲೆಯಲ್ಲಿ ನನಗೆ ಸಂಗೀತ ಕಲಿಸಿದ್ದ ಸುಭದ್ರಾ ಟೀಚರ್ ಈಗ ಇಲ್ಲೇ ಇದ್ದಾರೆ. "ಒಂದೇ ಹಾಡು ನೆನಪಲ್ಲಿ ಉಳಿದಿರೋದು ಕಣೋ, ಅದನ್ನೇ ನುಡಿಸು" ಎಂದಿದ್ದರು. ಉಳಿದವರಿಗೂ ತಿಂಗಳಿಡೀ ಕೂತು ಅದನ್ನು ಕಲಿಸಿದ್ದರು.

ಇವತ್ತು ನುಡಿಸಿದೆ. ಎಲ್ಲರೂ ಹಾಡಿದರು. ಟೀಚರ್ ಮಾತ್ರ ತರಗತಿಯಲ್ಲಿದ್ದಂತೆ ಬಾಯಿ ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, ಯಾರ ಸ್ವರ ತಪ್ಪುತ್ತದೆಂದು ಆಲಿಸುತ್ತಿದ್ದರು. ಹಾಡಿ ಎಂದು ಬಾಯಿ ಅಗಲಿಸಿ ತೋರಿಸಿದೆ. ಭೇಷ್ ಎಂಬಂತೆ ತಲೆದೂಗಿದರು.

ಕುರ್ಚಿ ಕೆಂಪಾಯಿತು.

"ಒಬ್ರೂ ತಪ್ಪಲಿಲ್ಲ ನೋಡೋ!" ಸಿಬ್ಬಂದಿ ತೋಳು ಹಿಡಿದು ಎಬ್ಬಿಸುವಾಗಲೂ ಅವರಿಗೆ ಅದೇ ಖುಷಿ.

ಮುಂದಿನ ಹಾಡನ್ನು ಎಲ್ಲರೂ ಇನ್ನೂ ಜೋರಾಗಿ ಹಾಡಿದರು.