ಪೆಟ್ಟಿಗೆಯೇ ಸರಕು

ಮರಗಳು ಮುಗಿದ ಮೇಲೆ ಬಂದರಿನ ಸುಂಕದ ಕಟ್ಟೆಯಲ್ಲಿ ಹೊಸ ನಿಯಮ ಬಂದಿತ್ತು. ಕಾಗದದ ಪೆಟ್ಟಿಗೆ ಬಂದರೆ ಪೆಟ್ಟಿಗೆಯೇ ಸರಕು. ಒಳಗಿರುವುದು ಪೆಟ್ಟಿಗೆ ಕುಸಿಯದಂತೆ ತುರುಕಿದ ಹೊಟ್ಟಿಗೆ ಸಮ. ಸರಕು ಸರ್ಕಾರದ ಉಗ್ರಾಣಕ್ಕೆ ಹೋಗುತ್ತಿತ್ತು, ಹೊಟ್ಟು ಬೆಂಕಿಗೆ.

ಸುಂಕದ ಅಧಿಕಾರಿ ಸಂಜೀವ ಸಾಲಿಯಾನ್ ಆ ಬೆಳಿಗ್ಗೆ ಆಟಿಕೆಗಳನ್ನೂ ಕನ್ನಡಕಗಳನ್ನೂ ಬೆಂಕಿಗೆ ಕಳಿಸಿಯಾಗಿತ್ತು. ಈಗ ಮೇಜಿನ ಮೇಲೆ ಲವೀನಾಳ ಪೆಟ್ಟಿಗೆಯಿತ್ತು. ಅದರೊಳಗೆ ಅವಳ ಗಂಡನ ಇಂಜೆಕ್ಷನ್ ಸೀಸೆಗಳಿದ್ದವು.

“ತಗಡಿನ ಡಬ್ಬಿಯಲ್ಲಿ ಕಳಿಸ್ಲಿಕ್ಕೆ ಹೇಳ್ಬೇಕಿತ್ತಲ್ಲ ಲವೀನಾ ಬಾಯಿ.”

“ಹೇಳಿದ್ದೆ ಸರ್. ಕಳಿಸಿದವರ ದೇಶದಲ್ಲಿ ಇನ್ನೂ ಮರ ಉಂಟಂತೆ, ಅವರಿಗೆಲ್ಲಿ ಗೊತ್ತಾಗ್ತದೆ? ಇವತ್ತು ಚುಚ್ಚದಿದ್ರೆ ಇವರು ಉಳಿಯುದಿಲ್ಲ.”

“ಪೆಟ್ಟಿಗೆ ಸರಿ ಇರುವಷ್ಟು ಹೊತ್ತು ನನ್ನ ಕೈಯಲ್ಲಿ ಏನಿಲ್ಲ.”

“ಹರಿದ್ರೆ?”

“ಹರಿದ್ರೆ ಅದು ಕಸ. ಆಗ ಔಷಧಿಯೇ ಸರಕು, ಪಾಸಾಗ್ತದೆ. ಆದ್ರೆ ಕಾಗದ ಹರಿದವರಿಗೆ ಜೈಲು. ನಿಮಗೆ ಗೊತ್ತುಂಟಲ್ಲ.”

ಲವೀನಾ ಸೀಸೆಗಳನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು. ಆಮೇಲೆ ಖಾಲಿ ಪೆಟ್ಟಿಗೆಯನ್ನು ಎತ್ತಿ ಸೀಳಿ ಚೂರುಚೂರು ಮಾಡಿದಳು. ಸಾಲಿಯಾನ್ ಆ ಸದ್ದು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅವನು ಸೀಸೆಗಳ ಮೇಲೆ ಮುದ್ರೆ ಒತ್ತಿದ. ಒತ್ತಿದ ಮೇಲೆ ಕಾವಲಿನವರನ್ನು ಕರೆದ.

ಬೇಡಿ ಬಿದ್ದ ಕೈಗಳಲ್ಲೇ ಸೀಸೆಗಳನ್ನು ಹಿಡಿದುಕೊಂಡು ಅವಳು ತನ್ನ ಹಿಂದೆ ಸರತಿಯಲ್ಲಿ ನಿಂತವರ ಕಡೆ ತಿರುಗಿದಳು.

“ಇದನ್ನು ಯಾರಾದ್ರೂ ನಮ್ಮ ಮನೆಗೆ ಮುಟ್ಟಿಸ್ತೀರಾ? ಇಗರ್ಜಿಯ ಹಿಂದೆಯೇ ಮನೆ.”

ಯಾರೂ ತಲೆಯೆತ್ತಲಿಲ್ಲ. ಸರತಿಯಲ್ಲಿದ್ದವರೆಲ್ಲ ಬಗ್ಗಿ, ನೆಲಕ್ಕೆ ಬಿದ್ದ ಚೂರುಗಳನ್ನು ಹೆಕ್ಕಿಕೊಳ್ಳುತ್ತಿದ್ದರು.