ವೈಫೈ ಪಟ್ಟಿಯಲ್ಲಿ ನಾಲ್ಕನೆಯದು

“ಬೇಡ ಅಂದ್ರೆ ಬೇಡ. ನಮ್ಮನೆ ಫೋನು, ನಮ್ಮನೆ ಇಂಟರ್ನೆಟ್ಟು. ಅದನ್ನ ಬರ್ಕೊಂಡು ನೀವೇನ್ ಮಾಡ್ತೀರಿ?”

ಗಂಡನ ದನಿ ಏರಿದ್ದು ಕೇಳಿ ಹೊಲಿಗೆಯವಳು ಯಂತ್ರ ನಿಲ್ಲಿಸಿದಳು. ಯಾರದೋ ಪ್ಯಾಂಟಿನ ಕಾಲು ಅರ್ಧ ಮಡಚಿದ ಹಾಗೇ ಸೂಜಿಯಡಿ ಉಳಿಯಿತು. ಹಜಾರದ ಮೂಲೆಯಿಂದ ಎದ್ದು ಬಂದು ನೋಡಿದರೆ ಅವನು ಬಾಗಿಲನ್ನು ಅರ್ಧ ಮುಚ್ಚಿ ಅಡ್ಡ ನಿಂತಿದ್ದ. ಹೊರಗೆ, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು, ಕೈಯಲ್ಲಿ ಟ್ಯಾಬ್ ಹಿಡಿದ ಹೆಂಗಸು. ಮೂವತ್ತರ ಆಸುಪಾಸು.

ಅವನ ಭುಜದಾಚೆ ಹೊಲಿಗೆಯವಳು ಕಂಡದ್ದೇ ಆಕೆಯ ಮಾತು ನಿಂತಿತು. ಹೆಗಲ ಮೇಲಿನ ಅಳತೆಪಟ್ಟಿಯಿಂದ ಮನೆಚಪ್ಪಲಿಯವರೆಗೆ ಒಮ್ಮೆ ನೋಡಿದಳು.

“ಇವರು?”

“ನನ್ನ ಹೆಂಡ್ತಿ,” ಎಂದ, ಹಲ್ಲು ಕಚ್ಚಿಕೊಂಡೇ.

“ಹಾಗಾದ್ರೆ ಒಳಗೆ ಬರಲೇಬೇಕು. ಈ ಮನೆ ನಾನು ಆರಿಸ್ಕೊಂಡಿದ್ದಲ್ಲ, ಪಟ್ಟೀಲಿ ಬಂದಿದೆ. ಇಂಟರ್ನೆಟ್ ಬಳಕೆ ಸಮೀಕ್ಷೆ. ಮನೇಲಿರೋ ಎಲ್ಲರನ್ನೂ ಕೇಳ್ಬೇಕು.”

ಅವನಿಗೆ ಎದುರಾಡಿದವರನ್ನು ಹೊಲಿಗೆಯವಳು ಕಂಡು ಎಷ್ಟೋ ಕಾಲವಾಗಿತ್ತು. ಬಾಯಿ ತಾನಾಗಿ “ಬನ್ನಿ” ಎಂದುಬಿಟ್ಟಿತು. ಗಂಡ ತಿರುಗಿ ನೋಡಿದ ನೋಟದಲ್ಲಿ ಸಂಜೆಯ ಜಗಳ ಆಗಲೇ ಸಿದ್ಧವಾಗಿತ್ತು.

ಮನೆ ಬೀದಿಗಿಂತ ತಗ್ಗಿನಲ್ಲಿತ್ತು. ಬಾಗಿಲು ದಾಟಿದ ಕೂಡಲೇ ಮಬ್ಬಿನಲ್ಲಿ ಎರಡು ಮೆಟ್ಟಿಲು. ಹೊಸಬರೆಲ್ಲ ಮುಗ್ಗರಿಸುವ ಜಾಗ. ಹೊಲಿಗೆಯವಳು “ನೋಡ್ಕೊಂಡು” ಎನ್ನುವಷ್ಟರಲ್ಲಿ ಸಮೀಕ್ಷೆಯವಳು ಇಳಿದು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಾಗಿತ್ತು. ಮಡಿಲ ಮೇಲಿನ ಚೀಲದೊಳಗೆ ಫೋನು ಎರಡು ಸಲ ಕಿಣಿ ಕಿಣಿ ಎಂದಿತು. ಆಕೆ ಅದನ್ನು ತೆಗೆಯಲಿಲ್ಲ.

“ಮದುವೆಯಾಗಿ ಎಷ್ಟು ವರ್ಷ?”

“ಇಂಟರ್ನೆಟ್ಟಿಗೂ ಅದಕ್ಕೂ ಏನ್ ಸಂಬಂಧ?” ಎಂದ ಗಂಡ.

“ಹನ್ನೊಂದು,” ಎಂದಳು ಹೊಲಿಗೆಯವಳು.

“ಹನ್ನೊಂದು.” ಸಮೀಕ್ಷೆಯವಳು ಎರಡಂಕಿ ಒತ್ತಲು ಬಹಳ ಹೊತ್ತು ತೆಗೆದುಕೊಂಡಳು. “ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುತ್ತಾ?”

“ಯಾವ ಕಂಪನೀದೂ ಬರಲ್ಲ. ಫೋನ್ ಬಂದ್ರೂ ಮೆಸೇಜ್ ಬಂದ್ರೂ ವೈಫೈನಲ್ಲೇ ಬರ್ಬೇಕು,” ಎಂದಳು ಹೊಲಿಗೆಯವಳು.

“ವೈಫೈ ಪಾಸ್‌ವರ್ಡ್ ಯಾರ್‍ಯಾರಿಗೆ ಗೊತ್ತು?”

“ನನಗೊಬ್ಬನಿಗೆ,” ಎಂದ ಗಂಡ.

ಅದು ನಿಜ. ಹೋದ ವಾರ ಹೊಲಿಗೆಯವಳು ತಾಯಿಯ ಜೊತೆ ಆರು ದಿನ ಆಸ್ಪತ್ರೆಯಲ್ಲಿದ್ದು ಬರುವಷ್ಟರಲ್ಲಿ ಪಾಸ್‌ವರ್ಡ್ ಬದಲಾಗಿತ್ತು. ಅಕ್ಕಪಕ್ಕದವರು ಕದೀತಾರೆ ಎಂದಿದ್ದ. ಅವಳ ಫೋನನ್ನು ಕಿತ್ತುಕೊಂಡು, ಬೆನ್ನು ತಿರುಗಿಸಿ, ತಾನೇ ಒತ್ತಿಕೊಟ್ಟಿದ್ದ.

“ನಿಮ್ಮ ಫೋನನ್ನ ಬೇರೆಯವರು ತೆಗೆದು ನೋಡ್ತಾರಾ?”

“ಮುಚ್ಚಿಡೋಕೆ ಅವಳ ಹತ್ರ ಏನಿದೆ?”

“ನಾನು ಅವರನ್ನ ಕೇಳಿದ್ದು.”

“ದಿನಾ ನೋಡ್ತಾರೆ,” ಎಂದಳು ಹೊಲಿಗೆಯವಳು ನೆಲ ನೋಡುತ್ತ.

“ನಿಮ್ಮದನ್ನ?” ಪ್ರಶ್ನೆ ಗಂಡನ ಕಡೆ ತಿರುಗಿತು.

“ನನ್ನ ಫೋನು ನನ್ನದು.”

“ಕಳೆದ ಮೂರು ತಿಂಗಳಲ್ಲಿ ಹೊಸಬರ ಪರಿಚಯ ಮಾಡ್ಕೊಳ್ಳೋಕೆ ಇಂಟರ್ನೆಟ್ ಬಳಸಿದ್ದೀರಾ?”

ಅವನ ದವಡೆ ಬಿಗಿಯಿತು. “ಇಲ್ಲ.”

“ಇಲ್ಲ ಅಂತಲೇ ಬರ್ಕೊಳ್ಳಲಾ?”

“ಬರ್ಕೊಂಡು ಹೊರಡಿ.”

“ಇನ್ನೊಂದೇ. ಈಗ ವೈಫೈಗೆ ಎಷ್ಟು ಸಾಧನ ಸೇರಿವೆ?”

“ಮೂರು. ನಂದು, ಇವಳದು, ಟೀವಿ.”

“ನೋಡಿ ಹೇಳಿದ್ರೆ ಒಳ್ಳೇದು.”

ಪೀಡೆ ತೊಲಗಲಿ ಎನ್ನುವ ಹಾಗೆ ಅವನು ಫೋನಿನಲ್ಲಿ ಪಟ್ಟಿ ತೆರೆದ. ಹುಬ್ಬು ಗಂಟಾಯಿತು. ಬೆರಳಿಟ್ಟು ಮತ್ತೆ ಎಣಿಸಿದ. ನಾಲ್ಕು ಇದ್ದವು. ನಾಲ್ಕನೆಯದು ಫೋನು ಎಂದಷ್ಟೇ ತೋರಿಸುತ್ತಿತ್ತು, ಹೆಸರಿರಲಿಲ್ಲ.

“ಎಲ್ಲಿಟ್ಟಿದ್ದೀಯ?” ಎಂದ ಹೆಂಡತಿಗೆ, ಮೆಲ್ಲಗೆ.

“ಏನನ್ನ?”

“ಇನ್ನೊಂದು ಫೋನನ್ನ. ನಾನು ಮಲಗಿದ್ದಾಗ ನನ್ನ ಫೋನಿಂದ ಪಾಸ್‌ವರ್ಡ್ ಕದ್ದಿದ್ದೀಯ. ಆಸ್ಪತ್ರೆ ಅಂತ ಆರು ದಿನ ಎಲ್ಲಿದ್ದೆ?”

ಅವಳು ಬಾಯಿ ತೆರೆಯುವ ಮೊದಲೇ ಫೋನನ್ನು ಮೇಜಿನ ಮೇಲೆ ಕುಕ್ಕಿದ. ಹೊಲಿಗೆ ಯಂತ್ರದ ಡ್ರಾಯರ್ ಎಳೆದು ನೆಲಕ್ಕೆ ಸುರಿದ. ಗುಂಡಿ, ದಾರದುಂಡೆ, ಸೂಜಿ ಪೊಟ್ಟಣ ಉರುಳಿದವು. ಗಿರಾಕಿಗಳ ಬಟ್ಟೆಯ ಒಂದೊಂದು ಜೇಬಿಗೂ ಕೈ ಹಾಕಿದ. ಮದುವೆಗೆಂದು ಯಾರೋ ಹೊಲಿಯಲು ಕೊಟ್ಟಿದ್ದ ಬಿಳಿ ಉಡುಪು ಅವನ ಕಾಲಡಿ ಸಿಕ್ಕಿತು. ಹೊಲಿಗೆಯವಳು ಮೊಣಕಾಲೂರಿ ಅದನ್ನು ಎಳೆದುಕೊಂಡಳು. ನಾಚಿಕೆಗೆ ಕಿವಿ ಬಿಸಿಯಾಗಿತ್ತು. ಪರರ ಎದುರು ಅವನು ಹೀಗೆ ಮಾಡಿದ್ದು ಇದೇ ಮೊದಲು.

“ನನ್ನ ಹತ್ರ ಇರೋದೇ ಒಂದು ಫೋನು,” ಎಂದಳು. “ಬೇಕಾದ್ರೆ ಗೋಡೆ ಒಡೆದು ನೋಡ್ಕೊಳ್ಳಿ.”

“ಇವತ್ತು ನಿನ್ನನ್ನ ನಿಮ್ಮಮ್ಮನ ಮನೆಗೆ ಅಟ್ಟದೆ ಬಿಡಲ್ಲ. ಸಾಕ್ಷಿಗೆ ಇವರೇ ಇದ್ದಾರೆ. ಬರ್ಕೊಳ್ರೀ, ನಾಲ್ಕು ಅಂತ.”

ಸಮೀಕ್ಷೆಯವಳು ಬರೆದುಕೊಳ್ಳಲಿಲ್ಲ. ಟ್ಯಾಬನ್ನು ಪಕ್ಕಕ್ಕಿಟ್ಟಳು. ಚೀಲಕ್ಕೆ ಕೈ ಹಾಕಿ ತನ್ನ ಫೋನು ತೆಗೆದಳು. ಬೆರಳಿನಿಂದ ಒಮ್ಮೆ ಒತ್ತಿ, ಪೂರ್ತಿ ಆರಿಸಿದಳು.

“ಈಗ ನೋಡಿ ಹೇಳಿ.”

ಗಂಡ ನೋಡಲಿಲ್ಲ. ಕೈಯಲ್ಲಿದ್ದ ಕೋಟು ಹಾಗೇ ಜಾರಿತು. ಮೇಜಿನ ಮೇಲೆ ಬಿದ್ದಿದ್ದ ಅವನ ಫೋನನ್ನು ಹೊಲಿಗೆಯವಳೇ ಎತ್ತಿಕೊಂಡಳು. ಪಟ್ಟಿಯಲ್ಲಿ ಮೂರೇ ಇದ್ದವು.

“ತನಗೆ ಮದುವೇನೇ ಆಗಿಲ್ಲ ಅಂತ ಇವರು ನನಗೆ ಹೇಳಿದ್ರು, ಅಕ್ಕಾ,” ಎಂದಳು ಸಮೀಕ್ಷೆಯವಳು.